64 ವರ್ಷದ ಅತ್ತೆ ಮೊದಲ ಸಲ ಬೈಕ್ ಹತ್ತುತ್ತಿದ್ದಾರೆ: ಒಂದೇ ಕಡೆ ಕಾಲಾ, ಎರಡೂ ಕಡೆನಾ?

ಪಾಂಡವಪುರದ_ಹುಡುಗಿ
ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ನಮ್ಮ ಸೋದರತ್ತೆಗೆ 64 ವರ್ಷ. ಇವತ್ತಿನವರೆಗೂ ಬೈಕ್ ಹತ್ತಿದವರಲ್ಲ. ಮನೆಯಲ್ಲಿ ಗಾಡಿ ಇರಲಿಲ್ಲ ಅಂತಲ್ಲ. ಮಾವನ ಹತ್ತಿರ ಟಿವಿಎಸ್ ಎಕ್ಸ್‌ಎಲ್ ಇತ್ತು. ಆದರೆ ಅದರ ಹಿಂದಿನ ಸೀಟು ಯಾವಾಗಲೂ ಹಾಲಿನ ಕ್ಯಾನಿಗೆ, ಹುಲ್ಲಿನ ಹೊರೆಗೆ, ಗೊಬ್ಬರದ ಮೂಟೆಗೆ. ಅತ್ತೆಗೆ ಬಸ್ಸು. ಬಸ್ಸಿಲ್ಲದಿದ್ದರೆ ನಡಿಗೆ.

ಸಂಕ್ರಾಂತಿಗೆ ಬೆಂಗಳೂರಿನಿಂದ ಬೈಕಿನಲ್ಲೇ ಊರಿಗೆ ಬಂದೆ. ಅತ್ತೆ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಮೇಲುಕೋಟೆಗೆ ಇದ್ರಲ್ಲೇ ಕರ್ಕೊಂಡೋಗ್ತೀಯಾ ಮಗಾ?" ಅಂತ ಕೇಳಿದರು. ನಮ್ಮಣ್ಣ ಎಷ್ಟೋ ಸಲ ಕರೆದಾಗ "ನಂಗ್ಯಾಕಪ್ಪ ಅದು" ಅಂದಿದ್ದವರು!

ಈಗ ಮನೆಯಲ್ಲಿ ಮೂರು ಪಕ್ಷ ಆಗಿದೆ. ಅಪ್ಪ ಹೇಳುವುದು, ನನ್ನ ಸ್ಪ್ಲೆಂಡರ್ ತಗೊಂಡು ಹೋಗು, ಅತ್ತೆ ಒಂದು ಕಡೆಗೆ ಕೂರಲಿ. ಅಣ್ಣ ಹೇಳುವುದು, ಎರಡೂ ಕಡೆ ಕಾಲು ಹಾಕದಿದ್ದರೆ ಕರೆದುಕೊಂಡೇ ಹೋಗಬೇಡ. ಅಮ್ಮನದು ಕಾರ್ ಪಕ್ಷ.

ನನ್ನದು 350 ಸಿಸಿ ಗಾಡಿ, ಸೆಕೆಂಡ್ ಹ್ಯಾಂಡ್. ಹಿಂದಿನ ಓನರ್ ಸೀರೆ ಗಾರ್ಡ್ ಬಿಚ್ಚಿಸಿದ್ದಾರೆ. ದಾರಿ ಜಕ್ಕನಹಳ್ಳಿ ಮೇಲೆ, ಸುಮಾರು 25 ಕಿ.ಮೀ. ಅತ್ತೆಗೆ ಸ್ವಲ್ಪ ಮಂಡಿ ನೋವಿದೆ. ಉಡುವುದು ಸೀರೆ. ವಯಸ್ಸಾದವರನ್ನು ಮೊದಲ ಸಲ ಕೂರಿಸಿಕೊಂಡು ಹೋದವರು ಯಾರಾದರೂ ಇದ್ದರೆ ಹೇಳಿ.

ಸುಮ್ನೆ_ಓದುಗ
ಅಣ್ಣನನ್ನು ಬಿಟ್ಟು ನಿಮ್ಮನ್ನು ಕೇಳಿದ್ದಾರಲ್ಲ, ಅತ್ತೆಗೆ ಅಣ್ಣನ ಡ್ರೈವಿಂಗ್ ಗೊತ್ತಿದೆ 😄

ಕೆಂಪುಬಸ್
2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ. ಸುಮ್ನೆ ಬಸ್ಸಲ್ಲಿ ಕಳಿಸಿ. ಮಂಡಿ ನೋವಿರುವವರನ್ನು ಬೈಕ್ ಮೇಲೆ ಯಾಕೆ ಹತ್ತಿಸುತ್ತೀರಿ?

ಮಲ್ಲಿಗೆ_ಮೊಳ
@ಕೆಂಪುಬಸ್ ಅವರಿಗೆ ಬೇಕಾಗಿರುವುದು ಬೈಕು. ಮೇಲುಕೋಟೆ ಅಂದದ್ದು ಒಂದು ನೆಪ ಅಲ್ವಾ? ಇಷ್ಟು ವರ್ಷ ಹಾಲಿನ ಕ್ಯಾನ್ ಕೂತ ಜಾಗದಲ್ಲಿ ತಾವೂ ಒಂದು ಸಲ ಕೂರೋಣ ಅನಿಸಿದೆ.

ಲಾ_ಪಾಯಿಂಟ್
ಮೊದಲು ಸೀರೆ ಗಾರ್ಡ್ ಹಾಕಿಸಿ. ಅದು ಚೆಂದಕ್ಕೆ ಇರುವುದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ನೋಡಿ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧ ಭಾಗಕ್ಕಾದರೂ ಮರೆ ಇರಬೇಕು. ಲುಕ್ಕಿಗೆ ಅಂತ ಗಾರ್ಡ್ ಬಿಚ್ಚಿಸುವವರು ಇದನ್ನು ಓದಲ್ಲ.

ಎರಡನೆಯದು ಹೆಲ್ಮೆಟ್. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ 2016ರ ಜನವರಿಯಿಂದ ಕಡ್ಡಾಯ. ಐಎಸ್‌ಐ ಗುರುತು ಇರುವುದೇ ಬೇಕು, ಐಎಸ್ 4151 ಅಂತ ಬರೆದಿರುತ್ತದೆ. ರಸ್ತೆ ಬದಿ ಟೊಪ್ಪಿ ತರಬೇಡಿ.

ಮೂರನೆಯದನ್ನು ಯಾರೂ ಹೇಳಲ್ಲ. ನಿಮ್ಮ ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿನಾ, ಕಾಂಪ್ರಹೆನ್ಸಿವ್ವಾ? ಬರೀ ಥರ್ಡ್ ಪಾರ್ಟಿ ಇದ್ದರೆ, ದುಡ್ಡು ಕೊಡದೆ ಹಿಂದೆ ಕೂತವರಿಗೆ ಏನಾದರೂ ಆದಾಗ ಕಂಪನಿ ಹೊಣೆ ಅಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೇ ಗಾಡಿ ತಗೊಂಡವರಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಅದೇ. ಪಾಲಿಸಿ ತೆಗೆದು ನೋಡಿ.

ಪಾಂಡವಪುರದ_ಹುಡುಗಿ
@ಲಾ_ಪಾಯಿಂಟ್ ಇನ್ಶೂರೆನ್ಸ್ ವಿಷಯ ತಲೆಗೇ ಬಂದಿರಲಿಲ್ಲ. ನೋಡಿದೆ, ಕಾಂಪ್ರಹೆನ್ಸಿವ್ ಇದೆ. ಥ್ಯಾಂಕ್ಸ್. ಗಾರ್ಡ್ ನಾಳೆಯೇ ಹಾಕಿಸುತ್ತೇನೆ.

ಹುಬ್ಬಳ್ಳಿ_ಹೈದ
ಒಂದ್ ಕಡೆ ಕೂರೋದೇ ಚಲೋ ರೀ. ನಮ್ಮ ಅವ್ವ, ಚಿಕ್ಕವ್ವ ಎಲ್ಲಾರೂ ಹಂಗೇ ಕೂತಾರ. ಏನರ ಆದರ ಥಟ್ಟನೆ ಜಿಗಿದು ಇಳೀಬಹುದು.

ಸ್ಪ್ಯಾನರ್_ಸ್ವಾಮಿ
@ಹುಬ್ಬಳ್ಳಿ_ಹೈದ ಜಿಗಿದು ಇಳಿಯೋದಾ? 40ರ ಸ್ಪೀಡಲ್ಲಿ 64 ವರ್ಷದವರು? ಸರ್, ನನ್ನದು ಗ್ಯಾರೇಜು. ಒಂದು ಕಡೆಗೆ ಕೂತವರು ಬೀಳುವುದು ಆಕ್ಸಿಡೆಂಟಲ್ಲಿ ಅಲ್ಲ. ಗಾಡಿ ಹೊರಡುವಾಗ, ಕ್ಲಚ್ ಸರಕ್ಕನೆ ಬಿಟ್ಟಾಗ. ಇಲ್ಲಾ ಹಂಪ್ ಹಾರಿದಾಗ. ಹಿಡಿಯಲು ಒಂದೇ ಕೈಗೆ ಆಧಾರ, ಊರಲು ಒಂದೇ ಕಡೆ ಕಾಲು. ಮೈ ಹಿಂದಕ್ಕೆ ವಾಲಿದರೆ ತಡೆಯುವುದಕ್ಕೆ ಏನೂ ಇರಲ್ಲ. ಓಡಿಸುವವರಿಗೂ ಕಷ್ಟ, ಭಾರವೆಲ್ಲಾ ಎಡಕ್ಕೆ ಎಳೆಯುತ್ತೆ. ಬಲಕ್ಕೆ ತಿರುಗುವಾಗ ಗೊತ್ತಾಗುತ್ತೆ.

ಹುಬ್ಬಳ್ಳಿ_ಹೈದ
ಹಂಗಂದ್ರ ಇಡೀ ದೇಶದ ಹೆಣ್ಣುಮಕ್ಕಳು ದಿನಾ ಬೀಳಾಕತ್ತಾರೇನ್ರಿ? ಅಭ್ಯಾಸ ಅನ್ನೋದು ಒಂದು ಇರತದ.

ಸ್ಪ್ಯಾನರ್_ಸ್ವಾಮಿ
ಅಭ್ಯಾಸ ಇರುವವರ ಮಾತು ಬೇರೆ. ಇಲ್ಲಿ ಕೇಳಿರುವುದು ಮೊದಲ ಸಲ ಹತ್ತುವವರ ಬಗ್ಗೆ.

ಲೆಸ್ಟರ್_ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಡೆಗೆ ಕೂರುವ ಹಾಗೇ ಇಲ್ಲ. ಎರಡೂ ಕಡೆ ಕಾಲು ಹಾಕಿಯೇ ಕೂರಬೇಕು ಅಂತ ಕಾನೂನಿನಲ್ಲೇ ಬರೆದಿದೆ.

ಲಾ_ಪಾಯಿಂಟ್
ನಮ್ಮ ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಹೇಳುವುದು ಇಷ್ಟೇ: ಹಿಂದೆ ಒಬ್ಬರೇ ಇರಬೇಕು, ಸರಿಯಾಗಿ ಬಿಗಿದ ಸೀಟಿನ ಮೇಲೆ ಕೂರಬೇಕು. ಯಾವ ಕಡೆಗೆ ಮುಖ ಮಾಡಬೇಕು ಅಂತ ಅದರಲ್ಲಿ ಇಲ್ಲ. ಸೀರೆ ಉಡುವ ದೇಶದಲ್ಲಿ ಅದನ್ನು ಬರೆಯುವ ಧೈರ್ಯ ಯಾರಿಗಿದೆ?

ಮಲ್ಲಿಗೆ_ಮೊಳ
ಸೀರೆ ಉಟ್ಟೂ ಎರಡೂ ಕಡೆ ಕಾಲು ಹಾಕಬಹುದು ಕಣ್ರೀ. ಕಚ್ಚೆ ಹಾಕಿ ಉಟ್ಟರೆ ಆರಾಮ. ಬೆಳಗಾವಿ ಕಡೆ ನಮ್ಮ ದೊಡ್ಡಮ್ಮ ಗದ್ದೆ ಕೆಲಸವನ್ನೆಲ್ಲಾ ಕಚ್ಚೆಯಲ್ಲೇ ಮಾಡುತ್ತಿದ್ದರು. ಬೈಕ್ ಯಾವ ಲೆಕ್ಕ.

ಕಡಲತಡಿ
ನಮ್ಮ ಕಡೆ ಸಮಸ್ಯೆಯೇ ಬೇರೆ. ಉಡುಪಿ ಮಳೆಯಲ್ಲಿ ಹಿಂದೆ ಕೂತವರು ಕೊಡೆ ಬಿಚ್ಚುತ್ತಾರೆ. ನಮ್ಮ ಅಜ್ಜಿ ಮೊದಲ ಸಲ ಮೊಮ್ಮಗನ ಬೈಕ್ ಹತ್ತಿದ್ದು ಆಷಾಢದಲ್ಲಿ. ಹತ್ತಿದ ಕೂಡಲೇ ಕೊಡೆ ಬಿಚ್ಚಿದರು. ಗಾಳಿ ಬಂದದ್ದೇ ತಡ, ಕೊಡೆ ಮೇಲ್ಮುಖ ಆಯಿತು, ಅಜ್ಜಿಯ ಕೈ ಹಿಂದಕ್ಕೆ ಹೋಯಿತು. ಪುಣ್ಯಕ್ಕೆ ಗಾಡಿ ಇನ್ನೂ ಅಂಗಳ ದಾಟಿರಲಿಲ್ಲ. ಅಜ್ಜಿ ಬೈದದ್ದು ಕೊಡೆಗೆ. "ಒಳ್ಳೆ ಕಂಪನಿದು ತಗೊಂಡು ಬಾ ಅಂದ್ರೆ ಇದನ್ನ ತಂದಿದ್ದಾನೆ" ಅಂತ.

ಇದನ್ನು ನಗುವುದಕ್ಕೆ ಹೇಳಿದೆ. ಆದರೆ ಕೊಡೆ ಹಿಡಿದು ಬಿದ್ದು ತಲೆಗೆ ಪೆಟ್ಟಾದವರು ನಮ್ಮ ಕಡೆ ಇದ್ದಾರೆ. ಕೈಯಲ್ಲಿ ಏನೂ ಕೊಡಬೇಡಿ. ಬ್ಯಾಗು, ಹೂವಿನ ಬುಟ್ಟಿ, ಏನೂ.

ಹುಬ್ಬಳ್ಳಿ_ಹೈದ
ಬ್ಯಾಗ್ ಅಂದಕೂಡಲೇ ನೆನಪಾತು. ನಮ್ಮ ಕಡೆ ಮಾವನ ಬೈಕ್ ಮ್ಯಾಲ ಸೊಸಿ ಕುಂತರ ನಡುವ ಒಂದು ಬ್ಯಾಗ್ ಇಡೋದು ಪದ್ಧತಿ. ಬ್ಯಾಗಿನಾಗ ಏನೂ ಇರಂಗಿಲ್ಲ. ನಮ್ಮ ಅಕ್ಕನ ಮದುವಿ ಆದ ಹೊಸದಾಗಿ, ಮಾವ ಬಸ್‌ಸ್ಟ್ಯಾಂಡಿಗೆ ಬಿಡಾಕ ಹೋಗಿದ್ರು. ತಲಿ ಮ್ಯಾಲ ಸೆರಗು, ಅದರ ಮ್ಯಾಲ ಹೆಲ್ಮೆಟ್, ನಡುವ ಬ್ಯಾಗ್. ಅಕ್ಕ ಮಾವನ್ನೂ ಹಿಡಿಯಂಗಿಲ್ಲ, ಹಿಂದಿನ ರಾಡ್ ಕೈಗೆ ಸಿಗಂಗಿಲ್ಲ. ಆ ಬ್ಯಾಗನ್ನ ತಬ್ಬಿಕೊಂಡು ಹೋದಳು!

ಮಲ್ಲಿಗೆ_ಮೊಳ
😂😂 ನಗು ಬಂತು, ಸಿಟ್ಟೂ ಬಂತು. ಬಿದ್ದರೆ ಬ್ಯಾಗ್ ಹಿಡಿದುಕೊಳ್ಳುತ್ತಾ ಅವಳನ್ನ?

ಫಿಸಿಯೋ_ಅಕ್ಕ
ಮಂಡಿ ನೋವಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎರಡೂ ಕಡೆ ಕಾಲು ಹಾಕಬೇಕಾದರೆ ಕಷ್ಟ ಆಗುವುದು ಕೂರುವಾಗ ಅಲ್ಲ, ಹತ್ತಿ ಇಳಿಯುವಾಗ. ಒಂದು ಮಂಡಿಯ ಮೇಲೆ ಇಡೀ ಭಾರ ಬಿಟ್ಟು ಇನ್ನೊಂದು ಕಾಲನ್ನು ಸೀಟಿನ ಆಚೆ ದಾಟಿಸಬೇಕು. ಸೊಂಟದ ಕೀಲು ಬಿಗಿಯಾಗಿದ್ದರೆ ಕಾಲು ಅಷ್ಟು ಮೇಲೆ ಏಳುವುದಿಲ್ಲ. ನಿಮ್ಮ ಊರ ಮನೆಗೆ ಜಗಲಿ ಇರುತ್ತದಲ್ಲ? ಗಾಡಿಯನ್ನು ಜಗಲಿಗೆ ಒತ್ತಿ ನಿಲ್ಲಿಸಿ. ಅತ್ತೆ ಜಗಲಿಯ ಮೇಲೆ ನಿಂತು ಹತ್ತಲಿ. ನೀವು ಮೊದಲೇ ಕೂತು, ಎರಡೂ ಕಾಲು ನೆಲಕ್ಕೆ ಊರಿ, ಮುಂದಿನ ಬ್ರೇಕ್ ಹಿಡಿದಿರಿ. ಅವರು ನಿಮ್ಮ ಭುಜ ಹಿಡಿದೇ ಹತ್ತಲಿ. "ಹತ್ತಲಾ" ಅಂತ ಕೇಳಬೇಕು, ನೀವು "ಹೂಂ" ಅಂದ ಮೇಲೆ ಹತ್ತಬೇಕು. ಇಳಿಯುವಾಗಲೂ ಹಾಗೇ.

ಕಾಲು ದಾಟಿಸಲು ಆಗುವುದೇ ಇಲ್ಲ ಅಂದರೆ ಒಂದು ಕಡೆಗೇ ಕೂರಲಿ. ಬಲವಂತವಾಗಿ ಕಾಲು ಎತ್ತಿಸಿ ಸೊಂಟ ಹಿಡಿಸಬೇಡಿ. ದಾರಿಯಲ್ಲಿ ನಿಲ್ಲಿಸಿ ಸ್ವಲ್ಪ ಓಡಾಡಿಸಿ.

ಸ್ಪ್ಯಾನರ್_ಸ್ವಾಮಿ
ಅಕ್ಕ ಹೇಳಿದ್ದು ಸರಿ. ಜೊತೆಗೆ ಟೈರ್ ಗಾಳಿ. ಇಬ್ಬರು ಕೂತಾಗ ಹಿಂದಿನ ಚಕ್ರಕ್ಕೆ ಜಾಸ್ತಿ ಗಾಳಿ ಬೇಕು. ಎಷ್ಟು ಅಂತ ಗಾಡಿಯ ಸ್ಟಿಕ್ಕರ್‌ನಲ್ಲೋ ಪುಸ್ತಕದಲ್ಲೋ ಇರುತ್ತೆ, ಅದನ್ನು ನೋಡಿ ಹಾಕಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಒಂದು ಮೆಟ್ಟಿಲು ಬಿಗಿ ಮಾಡಿಸಿ. ಮತ್ತೆ ಬಲಗಡೆ ಸೈಲೆನ್ಸರ್ ಇರುತ್ತೆ, ಇಳಿಯುವಾಗ ಕಾಲು ತಾಗಿದರೆ ಬೊಬ್ಬೆ ಬರುತ್ತೆ. ಎಡಗಡೆಯಿಂದಲೇ ಹತ್ತಿ ಇಳಿಸಿ. ಎಡಗಡೆಗೆ ಯಾವ ಗಾಡಿಯಲ್ಲೂ ಸೈಲೆನ್ಸರ್ ಇರಲ್ಲ.

ಯಾದವಗಿರಿ_ಯಜಮಾನ
@ಸ್ಪ್ಯಾನರ್_ಸ್ವಾಮಿ ಏನ್ ಸ್ವಾಮಿ, ಎಜ್ಡಿ ಬೈಕ್ ಮರೆತುಬಿಟ್ರಾ? ಎರಡೂ ಕಡೆ ಸೈಲೆನ್ಸರ್! ನಮ್ಮ ಕಾಲದ ಮೈಸೂರಿನ ಹೆಂಗಸರಿಗೆ ಕೇಳಿ, ಮೀನಖಂಡದ ಮೇಲೆ ಮುದ್ರೆ ಇಲ್ಲದವರು ಕಡಿಮೆ.

ಸ್ಪ್ಯಾನರ್_ಸ್ವಾಮಿ
ಸರಿ ಯಜಮಾನ್ರೇ, ಎಜ್ಡಿ ಥರ ಎರಡೂ ಕಡೆ ಸೈಲೆನ್ಸರ್ ಇರುವ ಗಾಡಿಗಳನ್ನು ಬಿಟ್ಟು.

ಸುಮ್ನೆ_ಓದುಗ
ಎಜ್ಡಿ ಮಾಡ್ತಿದ್ದ ಜಾವಾ ಫ್ಯಾಕ್ಟರಿ ಮೈಸೂರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಇತ್ತು ಅಲ್ವಾ?

ಯಾದವಗಿರಿ_ಯಜಮಾನ
ಇಲ್ಲ. ಐಡಿಯಲ್ ಜಾವಾ ಶುರುವಾಗಿದ್ದು 1961ರಲ್ಲಿ, ಯಾದವಗಿರಿಯಲ್ಲಿ. 1996ರಲ್ಲಿ ಮುಚ್ಚಿತು. ಮೊದಲು ಜಾವಾ ಹೆಸರಲ್ಲಿ ಬರುತ್ತಿತ್ತು, ಎಪ್ಪತ್ತರ ದಶಕದಲ್ಲಿ ಎಜ್ಡಿ ಆಯಿತು. ಕಿಕ್ಕರ್ರು, ಗೇರು ಎರಡಕ್ಕೂ ಒಂದೇ ಲಿವರ್. ಕಿಕ್ ಹೊಡೆದು ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್. ಈಗಿನ ಹುಡುಗರಿಗೆ ಕೊಟ್ಟರೆ ಅರ್ಧ ಗಂಟೆ ಹುಡುಕುತ್ತಾರೆ.

ನಮ್ಮ ಚಿಕ್ಕಪ್ಪ ಅದೇ ಫ್ಯಾಕ್ಟರಿಯಲ್ಲಿ ಇದ್ದರು. ನಾನು ಮೊದಲು ಕೂತದ್ದು ಅವರ ಗಾಡಿಯಲ್ಲೇ, ಪೆಟ್ರೋಲ್ ಟ್ಯಾಂಕಿನ ಮೇಲೆ. ಹಿಂದೆ ಚಿಕ್ಕಮ್ಮ, ಅವರ ಮಡಿಲಲ್ಲಿ ತಂಗಿ. ಚಾಮುಂಡಿ ಬೆಟ್ಟಕ್ಕೆ ಹಾಗೇ ಹೋಗಿದ್ದೆವು. ಹೆಲ್ಮೆಟ್ ಅಂದರೇನು ಅಂತ ಆಗ ಕೇಳಬೇಡಿ.

ಲಾ_ಪಾಯಿಂಟ್
ಈಗ ಹಾಗೆ ಹೋದರೆ ದಂಡ ಕಟ್ಟಿಯೇ ಸುಸ್ತಾಗುತ್ತೀರಿ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್, ಹೆಲ್ಮೆಟ್ ಎರಡೂ ಬೇಕು. ವೇಗ 40 ಕಿ.ಮೀ. ದಾಟಬಾರದು. 2022ರ ಫೆಬ್ರವರಿಯಲ್ಲಿ ಬಂದ ನಿಯಮ, ಒಂದು ವರ್ಷದ ಮೇಲೆ ಜಾರಿಗೆ ಬಂತು.

ಯಾದವಗಿರಿ_ಯಜಮಾನ
ಆ ಬೆಲ್ಟ್ ಕಟ್ಟಿರುವ ಒಂದು ಮಗುವನ್ನು ತೋರಿಸಿ, ನಾನೇ ನಿಮಗೆ ಮೈಸೂರು ಪಾಕ್ ಕೊಡಿಸುತ್ತೇನೆ.

ರಾಗಿಮುದ್ದೆ_ರೈತ
ಅಕ್ಕಾ, ನಾನೂ ಅದೇ ಕಡೆಯವನು. ಯಾವ ಕಡೆ ಕೂರಿಸಬೇಕು ಅನ್ನುವುದಕ್ಕಿಂತ ರಸ್ತೆ ನೋಡಿಕೊಳ್ಳಿ. ಈಗ ಹುರುಳಿ ಒಕ್ಕಣೆ ಟೈಮು. ರಸ್ತೆ ತುಂಬಾ ಹರಡಿರುತ್ತಾರೆ. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಗಾಡಿ ನಿಲ್ಲಲ್ಲ, ಜಾರುತ್ತೆ. ಸೊಪ್ಪು ಚಕ್ರಕ್ಕೆ ಸುತ್ತಿಕೊಳ್ಳುತ್ತೆ. ಮೊದಲೇ ನಿಧಾನ ಮಾಡಿ, ನೇರ ಹೋಗಿ, ಅದರ ಮೇಲೆ ಬ್ರೇಕ್ ಮುಟ್ಟಬೇಡಿ, ತಿರುಗಿಸಲೂ ಬೇಡಿ.

ಇನ್ನೊಂದು ಕಬ್ಬಿನ ಟ್ರಾಕ್ಟರ್. ಹಿಂದೆ ಲೈಟ್ ಇರಲ್ಲ, ಕಬ್ಬು ಎರಡೂ ಕಡೆ ಚಾಚಿರುತ್ತೆ. ಕತ್ತಲಾಗುವ ಮುಂಚೆ ವಾಪಸ್ ಬನ್ನಿ.

ಎಲೆಕ್ಟ್ರಾನಿಕ್_ಸಿಟಿ
ರಸ್ತೆ ಮೇಲೆ ಒಕ್ಕಣೆ ಮಾಡುವುದೇ ತಪ್ಪು. ಜನ ಸಾಯುತ್ತಾರೆ. ಕಾರಿನ ಅಡಿ ಹುಲ್ಲು ಸಿಕ್ಕಿ ಬೆಂಕಿ ಹತ್ತಿದ್ದೂ ಇದೆ. ಕೇಸ್ ಹಾಕಬೇಕು.

ರಾಗಿಮುದ್ದೆ_ರೈತ
@ಎಲೆಕ್ಟ್ರಾನಿಕ್_ಸಿಟಿ ಹಾಕಿ ಸಾರ್. ಹಾಕುವ ಮುಂಚೆ ಒಂದು ಮಾತು ಕೇಳಿ. ಕಣ ಎಲ್ಲಿದೆ? ಮೊದಲು ಊರಿಗೊಂದು ಒಕ್ಕಲು ಕಣ ಇರುತ್ತಿತ್ತು. ಸಗಣಿ ಸಾರಿಸಿ, ರೋಣಗಲ್ಲು ಹೊಡೆಯುತ್ತಿದ್ದೆವು. ಈಗ ಎತ್ತು ಇಲ್ಲ, ಆಳು ಸಿಗಲ್ಲ, ಕಣದ ಜಾಗದಲ್ಲಿ ಸೈಟ್ ಆಗಿದೆ. ಅರ್ಧ ಎಕರೆ ಹುರುಳಿಗೆ ಮೆಷಿನ್ ತರಿಸಿದರೆ ಹುರುಳಿ ಮಾರಿದ ದುಡ್ಡು ಬಾಡಿಗೆಗೇ ಹೋಗುತ್ತೆ. ರಸ್ತೆ ಮೇಲೆ ಹಾಕಿದರೆ ನಿಮ್ಮಂಥವರ ಕಾರೇ ಬಿಟ್ಟಿಯಾಗಿ ಒಕ್ಕಿಕೊಡುತ್ತೆ.

ಎಲೆಕ್ಟ್ರಾನಿಕ್_ಸಿಟಿ
ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ಬೈಕ್ ಜಾರಿ ಬಿದ್ದವನ ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ? ಬಿಟ್ಟಿ ಆಗುವುದು ಒಬ್ಬರಿಗೆ ಮಾತ್ರ.

ರಾಗಿಮುದ್ದೆ_ರೈತ
ಅದಕ್ಕೇ ನಾನು ಅಕ್ಕನಿಗೆ ಮೊದಲೇ ಹೇಳಿದ್ದು. ಪಂಚಾಯ್ತಿಯವರು ಸಿಮೆಂಟ್ ಕಣ ಮಾಡಿಕೊಟ್ಟ ಕಡೆ ಜನ ಅಲ್ಲೇ ಹಾಕುತ್ತಾರೆ. ಆದರೆ ಇಡೀ ಊರಿಗೆ ಒಂದು ಕಣ ಸಾಲಲ್ಲ.

ಕೆಂಪುಬಸ್
ಬಸ್ಸಿಗೆ ಹುರುಳಿ ಜಾರಲ್ಲ. ಹೇಳಿದ್ದೇನೆ ಅಷ್ಟೇ.

ಸುಮ್ನೆ_ಓದುಗ
ಅದಿರಲಿ, ಬೆಂಗಳೂರಿಂದ ಬೈಕಲ್ಲಿ ಹೇಗೆ ಬಂದ್ರಿ? ಎಕ್ಸ್‌ಪ್ರೆಸ್‌ವೇ ಮೇಲೆ ಬಿಡಲ್ವಲ್ಲ.

ಪಾಂಡವಪುರದ_ಹುಡುಗಿ
2023ರ ಆಗಸ್ಟ್ 1ರಿಂದ ಬಿಡಲ್ಲ. ಸರ್ವೀಸ್ ರಸ್ತೆಯಲ್ಲೇ ಬಂದೆ. ಹಂಪ್ ಎಣಿಸುವುದನ್ನು ರಾಮನಗರದಲ್ಲೇ ಬಿಟ್ಟೆ.

ಎಲ್ಲರ ಮಾತನ್ನೂ ಅತ್ತೆಗೆ ಓದಿ ಹೇಳಿದೆ. ಬ್ಯಾಗಿನ ಕಥೆಗೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಂದು ಕಡೆಗೆ ಕೂರುವ ವಿಷಯ ಎತ್ತಿದೆ. "ಹಂಗ್ ಕೂರದಾದ್ರೆ ಬಸ್ಸಲ್ಲೇ ಕೂತ್ಕೋತೀನಿ. ನಂಗೆ ಮುಂದ್ಕಡೆ ರಸ್ತೆ ಕಾಣ್ಬೇಕು ಕಣವ್ವ" ಅಂದರು. ಮಗಳ ಚೂಡಿದಾರ್ ಹಾಕಿಕೊಳ್ಳುತ್ತಾರಂತೆ. ಅಪ್ಪ ಸುಮ್ಮನಾದರು.

ಮಲ್ಲಿಗೆ_ಮೊಳ
ಅತ್ತೆಗೆ ಜೈ. ತುರುಬು ಕಟ್ಟುತ್ತಾರಾ? ಹಾಗಿದ್ದರೆ ಹೆಲ್ಮೆಟ್ ತಲೆಗೆ ಪೂರ್ತಿ ಇಳಿಯಲ್ಲ, ಹಣೆಯ ಮೇಲೆ ನಿಲ್ಲುತ್ತೆ. ಕೆಳಗೆ ಜಡೆ ಹಾಕಿಸಿ. ಹೂವು ಅಲ್ಲಿ ಹೋಗಿ ಮುಡಿಯಲಿ. ವೇಲ್ ಬೇಡವೇ ಬೇಡ. ಬೇಕೇ ಬೇಕು ಅಂದರೆ ಎದೆ ಮೇಲೆ ಅಡ್ಡ ಹಾಕಿ ಸೊಂಟಕ್ಕೆ ಗಂಟು ಹಾಕಿ. ಸೀರೆಗಿಂತ ವೇಲೇ ಚಕ್ರಕ್ಕೆ ಬೇಗ ಹೋಗುತ್ತೆ.

ಸ್ಪ್ಯಾನರ್_ಸ್ವಾಮಿ
ಮೊದಲೇ ನೇರ ಮೇಲುಕೋಟೆಗೆ ಹೋಗಬೇಡಿ. ಊರಲ್ಲೇ ಒಂದು ಸುತ್ತು ಹಾಕಿಸಿ. ತಿರುವಿನಲ್ಲಿ ಗಾಡಿ ವಾಲಿದಾಗ ಹೊಸಬರು ಹೆದರಿ ಆಚೆ ಕಡೆಗೆ ವಾಲುತ್ತಾರೆ. "ನನ್ನ ಭುಜದ ಮೇಲಿಂದ ನೋಡ್ತಾ ಇರು, ನಾನು ಹೇಗೋ ಹಾಗೆ" ಅಂತ ಹೇಳಿದರೆ ಸಾಕು.

ಪಾಂಡವಪುರದ_ಹುಡುಗಿ
ಹೋಗಿ ಬಂದೆವು! ಗಾರ್ಡ್ ಹಾಕಿಸಿದೆ. ಜಗಲಿಯಿಂದಲೇ ಹತ್ತಿಸಿದೆ, ಫಿಸಿಯೋ ಅಕ್ಕನಿಗೆ ದೊಡ್ಡ ನಮಸ್ಕಾರ. ಮೊದಲು ಹಾಲಿನ ಡೇರಿವರೆಗೆ ಒಂದು ಸುತ್ತು. ಡೇರಿ ಮುಂದೆ ಕೂತಿದ್ದವರು "ಏನಕ್ಕ, ಚೂಡಿದಾರು!" ಅಂದರು. ಅತ್ತೆ "ನಿನ್ ಹೆಂಡ್ತಿಗೂ ಒಂದ್ ಕೊಡ್ಸು" ಅಂದರು.

ದಾರಿಯಲ್ಲಿ ಹೆದರಿಕೆ ಅನ್ನುವುದೇ ಇರಲಿಲ್ಲ. ನಾನು ಕಬ್ಬಿನ ಟ್ರಾಕ್ಟರ್ ಹಿಂದೆ ನಿಧಾನವಾಗಿ ಹೋಗುತ್ತಿದ್ದರೆ, "ಅವ್ನ್ ಬಾಲ ಯಾಕ್ ಹಿಡ್ಕೊಂಡಿದ್ದೀಯ, ಹಾರನ್ ಹೊಡ್ದು ಮುಂದಕ್ ಹೋಗು" ಅಂತ ಬೆನ್ನಿಗೆ ಗುದ್ದುತ್ತಿದ್ದರು. ಎರಡು ಕಡೆ ಹುರುಳಿ ಇತ್ತು. ಅದು ಯಾರ ಹೊಲದ್ದು, ಈ ಸಲ ಎಷ್ಟು ಇಳುವರಿ ಅಂತೆಲ್ಲಾ ಅತ್ತೆ ಹಿಂದಿನಿಂದ ಹೇಳುತ್ತಿದ್ದರು. ನಾನು ಬ್ರೇಕ್ ಮುಟ್ಟದೆ ಉಸಿರು ಬಿಗಿ ಹಿಡಿದಿದ್ದೆ. ಬೆಟ್ಟ ಹತ್ತುವ ತಿರುವುಗಳಲ್ಲಿ ಮಾತ್ರ ಮಾತು ನಿಂತಿತ್ತು. ನನ್ನ ಜಾಕೆಟ್ ಮುಷ್ಟಿಯಲ್ಲಿತ್ತು.

ದರ್ಶನ ಆಯಿತು. ಯೋಗಾನರಸಿಂಹನ ಮೆಟ್ಟಿಲು ಮಂಡಿಗೆ ಬೇಡ ಅಂತ ಕೆಳಗೆ ಚೆಲುವನಾರಾಯಣನ ದೇವಸ್ಥಾನ, ಕಲ್ಯಾಣಿ ನೋಡಿಕೊಂಡು ಪುಳಿಯೋಗರೆ ತಿಂದೆವು. ಆಮೇಲೆ ಎದ್ದರೆ ಅತ್ತೆಗೆ ತೊಡೆ ಹಿಡಿದುಕೊಂಡಿದೆ. ಬೈಕ್ ಹತ್ತಿರ ಬಂದು ನೋಡಿದರು, ಬಸ್‌ಸ್ಟ್ಯಾಂಡ್ ಕಡೆ ನೋಡಿದರು. "ನೀನ್ ಗಾಡೀಲ್ ಬಾ, ನಾನ್ ಬಸ್ಸಲ್ ಬತ್ತೀನಿ, ಹೆಂಗಿದ್ರೂ ಫ್ರೀ" ಅಂದರು. ಬಸ್ಸಿನ ಹಿಂದೆ ನಾನು ಹೆಲ್ಮೆಟ್ ಎರಡು ಹೊತ್ತುಕೊಂಡು ಬಂದೆ.

ಕೆಂಪುಬಸ್
🙏🙏🙏 ನಾನು ಏನೂ ಹೇಳಲ್ಲ.

ಫಿಸಿಯೋ_ಅಕ್ಕ
ತೊಡೆ ಒಳಗಡೆ ನೋವು ತಾನೇ? ಅಗಲವಾದ ಸೀಟಿನ ಮೇಲೆ ಅಭ್ಯಾಸ ಇಲ್ಲದವರಿಗೆ ಹಾಗಾಗುತ್ತೆ. ಬಿಸಿನೀರಿನ ಶಾಖ ಕೊಡಿ. ಎರಡು ಮೂರು ದಿನದಲ್ಲಿ ಕಡಿಮೆ ಆಗದಿದ್ದರೆ ತೋರಿಸಿ.

ಹುಬ್ಬಳ್ಳಿ_ಹೈದ
ಒಂದ್ ಕಡೆ ಕುಂತಿದ್ರ ತೊಡಿ ನೋಯ್ತಿರಲಿಲ್ಲ ನೋಡ್ರಿ.

ಸ್ಪ್ಯಾನರ್_ಸ್ವಾಮಿ
ಮತ್ತೆ ಶುರುವಾಯ್ತಾ? ಸೊಂಟ ನೋಯ್ತಿತ್ತು ಆಗ.

ಎಲೆಕ್ಟ್ರಾನಿಕ್_ಸಿಟಿ
ಎರಡು ಕಡೆ ಹುರುಳಿ ಇತ್ತು ಅಂದ್ರಲ್ಲ. ಅದಕ್ಕೇ ನಾನು ಹೇಳಿದ್ದು.

ರಾಗಿಮುದ್ದೆ_ರೈತ
ನಿಮ್ಮ ಮನೇಲಿ ಹುರುಳಿ ಸಾರು ಮಾಡಲ್ವಾ ಸಾರ್?

ಯಾದವಗಿರಿ_ಯಜಮಾನ
ಅಂದಹಾಗೆ ಚಿಕ್ಕಪ್ಪನ ಎಜ್ಡಿ ರೋಡ್‌ಕಿಂಗ್ ಇನ್ನೂ ಶೆಡ್ಡಲ್ಲಿದೆ. ಎಡಗಡೆ ಸೈಲೆನ್ಸರ್ ತುಕ್ಕು ಹಿಡಿದು ಉದುರಿದೆ. ಒಂದು ಕಡೆಯದು ಮಾತ್ರ ಎಲ್ಲಾದರೂ ಸಿಗುತ್ತಾ, ಇಲ್ಲಾ ಜೋಡಿಯೇ ತಗೋಬೇಕಾ? ಸ್ವಾಮಿಗಳು ಹೇಳಬೇಕು.

ಸ್ಪ್ಯಾನರ್_ಸ್ವಾಮಿ
ಒಂದೇ ಹಾಕಿದರೆ ಒಂದು ಕಿವಿಗೆ ಒಂದು ಸದ್ದು ಬರುತ್ತೆ. ಜೋಡಿಯೇ ಹಾಕಿಸಿ. ಫೋಟೋ ಕಳಿಸಿ, ನೋಡಿ ಹೇಳ್ತೀನಿ.